ಗೇಟಿನಿಂದಾಚೆಯ ರಸ್ತೆ

(ಕುಟುಂಬದ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರೊಬ್ಬರು ಹದಿನೇಳು ವರ್ಷದ ಮಗನನ್ನು ಆಪ್ತ ಸಮಾಲೋಚನೆಗೆಂದು ನನ್ನ ಬಳಿಗೆ ಕರೆತಂದಿದ್ದರು. ಕೋರಿಕೆ ಒಂದೇ. "ಮೇಡಂ, ಇವನಿಗೆ ಜೀಪು ಮುಟ್ಟುವುದಕ್ಕೇ ಹೆದರಿಕೆಯಾಗಿದೆ. ಸ್ವಲ್ಪ ಧೈರ್ಯ ತುಂಬಿ ಕಳಿಸಿ." ಹುಡುಗನನ್ನು ನಿಖಿಲ್ ಎನ್ನೋಣ. ದ್ವಿತೀಯ ಪಿಯುಸಿ. ತಂದೆ ಮಾತನಾಡುವಷ್ಟು ಹೊತ್ತೂ ಅವನು ಕೊಡೆಯ ಹಿಡಿಯನ್ನೇ ತಿರುಗಿಸುತ್ತ ಕುಳಿತಿದ್ದ.

ನಡೆದದ್ದು ಜುಲೈ ತಿಂಗಳ ಮಳೆಯಲ್ಲಿ. ಸಂಜೆ ಟ್ಯೂಷನ್ ಮುಗಿಸಿ, ಇಬ್ಬರು ಗೆಳೆಯರನ್ನು ಹತ್ತಿಸಿಕೊಂಡು ಮನೆಯ ಜೀಪಿನಲ್ಲಿ ಬರುತ್ತಿದ್ದ. ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕಿದ್ದ. ಅದನ್ನು ಕಲಿಸಿದ್ದು ತೋಟದ ಡ್ರೈವರ್. ತಿರುವಿನಲ್ಲಿ ಬಸ್ ಎದುರಾಯಿತು. ಬ್ರೇಕನ್ನು ಒಮ್ಮೆಲೇ ಒತ್ತಿದಾಗ ಪಾಚಿ ಕಟ್ಟಿದ ರಸ್ತೆಯಂಚಿನಲ್ಲಿ ಚಕ್ರ ಜಾರಿ ಜೀಪು ಚರಂಡಿಗೆ ವಾಲಿತು. ಪಕ್ಕದಲ್ಲಿದ್ದ ಗೆಳೆಯನ ಮುಂಗೈ ಮೂಳೆ ಮುರಿಯಿತು. ಉಳಿದವರಿಗೆ ತರಚು ಗಾಯ. ಆಮೇಲೆ ನಿಖಿಲ್ ಸರಿಯಾಗಿ ನಿದ್ರೆ ಮಾಡಿಲ್ಲ, ಮನೆಯಲ್ಲಿ ಮಾತೂ ಕಡಿಮೆ.

ತಂದೆಯನ್ನು ಹೊರಗೆ ಕೂರಿಸಿ ಅವನ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟೆ. ಮೊದಲು ತೋಟದ ದಾರಿ ಬಿಡಿಸು ಎಂದೆ. ಕಾಫಿ ಕಣ, ಕೆರೆ, ಕಾರ್ಮಿಕರ ಲೈನ್ ಮನೆಗಳು, ನೀರು ನಿಲ್ಲುವ ಗುಂಡಿ, ಅಡ್ಡಬಿದ್ದ ಸಿಲ್ವರ್ ಓಕ್, ಯಾವುದನ್ನೂ ಬಿಡಲಿಲ್ಲ. ಅವನ ಕೈಗೆ ಸ್ಟಿಯರಿಂಗ್ ಸಿಕ್ಕಿದ್ದು ಏಳನೇ ತರಗತಿಯಲ್ಲಿ. ಈಗ ಗೇಟಿನಿಂದ ಆಚೆಯದು ಎಂದೆ. ಎರಡು ಗೆರೆ ಎಳೆದು, ನಡುವೆ ತನ್ನ ಜೀಪನ್ನು ಬರೆದು ನಿಲ್ಲಿಸಿದ. "ಎದುರಿನಿಂದ ಬರುವವನಿಗೆ ನೀನು ಎಲ್ಲಿಂದ ಕಾಣಿಸುತ್ತೀಯ?" ಬಹಳ ಹೊತ್ತು ಹಾಳೆಯನ್ನೇ ನೋಡಿದ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲೇ ಇಲ್ಲ.

ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳ ಚಾಲನಾ ಶಿಕ್ಷಣ ಇಷ್ಟೇ. ತೋಟದ ದಾರಿಯಲ್ಲಿ ಗೇರ್, ಕ್ಲಚ್ಚು ಚೆನ್ನಾಗಿ ಪಳಗುತ್ತವೆ. ಆದರೆ ಅಲ್ಲಿ ಎದುರಿನಿಂದ ಬರುವವರಿಲ್ಲ. ಬೇರೊಬ್ಬ ಚಾಲಕ ಮುಂದೇನು ಮಾಡಬಹುದು ಎಂದು ಊಹಿಸುವ ಅಭ್ಯಾಸ ಅಲ್ಲಿ ಬೆಳೆಯುವುದಿಲ್ಲ. ವಾಹನವನ್ನು ಮುಂದಕ್ಕೆ ಹೋಗಿಸಲು ಬಂದರೆ ಓಡಿಸಲು ಬಂದಂತೆ ಎಂದು ನಾವು ದೊಡ್ಡವರು ನಂಬಿಕೊಂಡಿದ್ದೇವೆ.

ಎರಡನೆಯ ಭೇಟಿಯಲ್ಲಿ ನಿಜವಾದ ಗಂಟು ಬಿಚ್ಚಿತು. "ಜೀಪು ಓಡಿಸುತ್ತಿದ್ದದ್ದು ಅಪ್ಪ ಎಂದು ಎಲ್ಲರಿಗೂ ಹೇಳಬೇಕಂತೆ" ಎಂದ. ತಂದೆ ಮಗನನ್ನು ಉಳಿಸಲೆಂದೇ ಹಾಗೆ ಹೇಳಿದ್ದರು. ಹುಡುಗನಿಗೆ ಮಾತ್ರ ಗೆಳೆಯನ ಮನೆಯ ಮುಂದೆ ತಲೆಯೆತ್ತಲು ಆಗುತ್ತಿರಲಿಲ್ಲ. ಆ ಗೆಳೆಯನಿಗೆ ನಿಜ ಗೊತ್ತಿತ್ತಲ್ಲ. ಹೆದರಿಕೆಯೆಂದು ಮನೆಯವರು ಕರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಾಚಿಕೆಯೇ ಇತ್ತು. ಉಳಿದದ್ದು ನ್ಯಾಯವಾದ ಹೆದರಿಕೆ. ಬಾರದ ಕೆಲಸವನ್ನು ಮಾಡಲು ಹೆದರುವುದು ಕಾಯಿಲೆಯಲ್ಲ, ಅದನ್ನು ಹೋಗಲಾಡಿಸಲು ನಾನು ಒಪ್ಪಲಿಲ್ಲ.

ಮಗನ ಅನುಮತಿ ಪಡೆದೇ ತಂದೆಯೊಂದಿಗೆ ಈ ವಿಷಯ ಎತ್ತಿದೆ. ಅವರು ಮೊದಲು ಸಿಡಿಮಿಡಿಗೊಂಡರು. "ಕೊಡಗಿನಲ್ಲಿ ಯಾರ ಮನೆಯ ಹುಡುಗ ಓಡಿಸುವುದಿಲ್ಲ ಹೇಳಿ? ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಮೂರು ಕಿಲೋಮೀಟರ್. ಬೆಳಿಗ್ಗೆ, ಸಂಜೆ ಆನೆ ಕಾಟ. ನಡೆಸಿಕೊಂಡು ಕಳಿಸಲೇ?" ಮಾತಿನಲ್ಲಿ ಸುಳ್ಳಿರಲಿಲ್ಲ. ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಲ್ಲಿ ಬದುಕುವವರಿಗೆ ಆನೆಯ ಭಯ ದಿನನಿತ್ಯದ್ದು. ಪಟ್ಟಣದಲ್ಲಿ ಕುಳಿತು ಅದನ್ನು ನೆಪ ಎಂದು ತಳ್ಳಿಹಾಕುವವರ ಮೇಲೆ ನನಗೂ ಸಿಟ್ಟಿದೆ.

ಅವರದು ಜಮ್ಮಾ ಹಿಡುವಳಿ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. ಮಾತಿನ ನಡುವೆ ಬಂದೂಕು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. "ಬೀರುವಿನಲ್ಲಿ, ಬೀಗ ಹಾಕಿ. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗಿಡಲು ಹೊರಗೆ ತೆಗೆದಾಗಲೂ ನಳಿಗೆಯನ್ನು ಜನರ ಕಡೆಗೆ ತಿರುಗಿಸಬಾರದೆಂದು ಚಿಕ್ಕಂದಿನಲ್ಲೇ ಕಲಿಸಿದ್ದೇನೆ." ಜೀಪಿನ ಕೀಲಿ? "ಬಾಗಿಲ ಪಕ್ಕದ ಮೊಳೆಗೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮಾತು ಹಗುರವಾಯಿತು.

ಕಾನೂನನ್ನು ಹೆದರಿಸುವ ದನಿಯಲ್ಲಿ ಹೇಳಬಾರದೆಂದು ಅಲ್ಲಿಯವರೆಗೆ ತಡೆದಿದ್ದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಪರವಾನಗಿ ಇಲ್ಲದವನು ಓಡಿಸಿದರೆ, ಗಾಯಗೊಂಡವರಿಗೆ ಕೊಟ್ಟ ಪರಿಹಾರವನ್ನು ವಿಮಾ ಕಂಪನಿ ಮಾಲೀಕರಿಂದ ವಸೂಲು ಮಾಡಲು ಬರುವ ಸಾಧ್ಯತೆಯೂ ಇದೆ. ಕೊಟ್ಟ ಸುಳ್ಳು ಹೇಳಿಕೆಯ ವಿಚಾರವಾಗಿ ಬೇಗನೆ ವಕೀಲರನ್ನು ಕಾಣಿರಿ ಎಂದೆ. ಅದು ನನ್ನ ಕೆಲಸವಲ್ಲ. ಮಗನ ಬಾಯಿಂದ ಇನ್ನೊಮ್ಮೆ ಆ ಸುಳ್ಳು ಹೇಳಿಸಬೇಡಿ ಎನ್ನುವುದು ಮಾತ್ರ ನನ್ನ ಕೆಲಸವಾಗಿತ್ತು, ಅದನ್ನು ಗಟ್ಟಿಯಾಗಿಯೇ ಹೇಳಿದೆ.

ನಿಖಿಲ್‌ಗೆ ಕೊಟ್ಟ ಸಲಹೆ ಚಿಕ್ಕದು. ಅಪಘಾತದ ನಂತರ ಕೆಲವು ವಾರ ನಿದ್ರೆ ಕೆಡುವುದು, ಬ್ರೇಕಿನ ಸದ್ದಿಗೆ ಬೆಚ್ಚುವುದು ಸಹಜ. ಒಂದು ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ರಾತ್ರಿ ಯಾರೊಡನಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಗೆಳೆಯನ ಮನೆಗೆ ಅಪ್ಪನ ಜೊತೆಯಲ್ಲಿ ಹೋಗು, ನಡೆದದ್ದನ್ನು ನೀನೇ ಹೇಳು ಎಂದೆ. ಹೋಗಿ ಬಂದರು. ಗೆಳೆಯ ನಕ್ಕು ಮಾತನಾಡಿಸಿದನಂತೆ. ಅವನ ತಾಯಿ ಒಳಗಿನಿಂದ ಹೊರಗೆ ಬರಲೇ ಇಲ್ಲವಂತೆ. ಬರಲೇಬೇಕೆಂದು ನಿರೀಕ್ಷಿಸುವ ಹಕ್ಕು ನಿಮಗಿಲ್ಲ ಎಂದು ಇಬ್ಬರಿಗೂ ಹೇಳಬೇಕಾಯಿತು.

ಕಾಲೇಜಿಗೆ ಹೋಗುವ ದಾರಿ ಹುಡುಕಿಕೊಂಡದ್ದು ತಾಯಿ. ಅಕ್ಕಪಕ್ಕದ ಎರಡು ತೋಟಗಳ ಮಕ್ಕಳೂ ಅದೇ ಹೊತ್ತಿಗೆ ಹೊರಡುವವರು. ಮೂರು ಮನೆಯವರು ಸೇರಿ ಪರಿಚಯದ ಡ್ರೈವರೊಬ್ಬರ ಜೀಪನ್ನು ತಿಂಗಳ ಲೆಕ್ಕದಲ್ಲಿ ಗೊತ್ತುಮಾಡಿಕೊಂಡರು.

ಹದಿನೆಂಟು ತುಂಬಿದ ಮೇಲಿನದನ್ನು ತಂದೆ, ತಾಯಿ, ಮಗ ಮೂವರನ್ನೂ ಕೂರಿಸಿ ಬರೆಸಿದೆ. ಮೊದಲು ಕಲಿಕಾ ಪರವಾನಗಿ. ಅದರ ಅವಧಿ ಆರು ತಿಂಗಳು, 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಆದರೆ 30 ದಿನಕ್ಕೇ ಓಡಬೇಡಿ, ಮಳೆಗಾಲದ ಒಂದಿಷ್ಟು ವಾರಗಳಾದರೂ ಪರವಾನಗಿ ಇರುವ ತಂದೆ ಪಕ್ಕದಲ್ಲಿ ಕುಳಿತಿರಲಿ ಎಂದೆ. ಚಾಲನಾ ಶಾಲೆಯಲ್ಲಿ ಕಲಿಯಲಿ, ತಂದೆ ಮೊದಲ ಗುರುವಾಗುವುದು ಬೇಡ. ತಂದೆಯ ಚಟಗಳೂ ಪಾಠದ ಜೊತೆಗೇ ಬರುತ್ತವೆ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್, ನ್ಯೂಟ್ರಲ್ ಬೇಡವೇ ಬೇಡ. ಕಿರಿದಾದ ಘಟ್ಟದ ರಸ್ತೆಯಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕು. ಇದು ಔದಾರ್ಯವಲ್ಲ, ನಿಯಮ. ಮಂಜಿನಲ್ಲಿ ಹೆಡ್‌ಲೈಟ್ ತಗ್ಗಿಸಿಯೇ ಇರಬೇಕು. ತೋಟದ ಟ್ರ್ಯಾಕ್ಟರ್ ಕೆಸರು ಚೆಲ್ಲಿದ ಕಡೆ ಬ್ರೇಕನ್ನು ಕೆಸರಿಗೆ ಮೊದಲೇ ಹಿಡಿಯಬೇಕು. ಆನೆ ಕಂಡರೆ ಹಾರ್ನ್ ಬೇಡ, ದೂರದಲ್ಲೇ ನಿಲ್ಲಿಸಿ ಹಿಂದೆ ಸರಿಯಬೇಕು.

ಮೊದಲ ವರ್ಷ ಗೆಳೆಯರನ್ನು ಹತ್ತಿಸುವಂತಿಲ್ಲ, ಕತ್ತಲಾದ ಮೇಲೆ ಒಬ್ಬನೇ ಓಡಿಸುವಂತಿಲ್ಲ ಎಂದಾಗ ನಿಖಿಲ್ ಮೊದಲ ಸಲ ವಾದಕ್ಕಿಳಿದ. ನನಗೆ ಸಂತೋಷವಾಯಿತು, ಹುಡುಗ ಮಾತಿಗೆ ಮರಳಿದ್ದ. ಹದಿಹರೆಯದವರು ಓರಗೆಯವರನ್ನು ಕೂರಿಸಿಕೊಂಡಾಗ ಅಪಘಾತದ ಅಪಾಯ ಹೆಚ್ಚುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ದುಡುಕನ್ನು ತಡೆಯುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ನ್ಯೂಜಿಲೆಂಡಿನವರು 1987ರಲ್ಲೇ ಹಂತಹಂತವಾಗಿ ಪರವಾನಗಿ ಕೊಡುವ ಕ್ರಮ ತಂದರು. ಹೊಸ ಚಾಲಕರಿಗೆ ರಾತ್ರಿ ಓಡಿಸುವುದಕ್ಕೂ ಜೊತೆಗೆ ಜನರನ್ನು ಕೂರಿಸುವುದಕ್ಕೂ ಅಲ್ಲಿ ಮಿತಿಯಿದೆ. ನಮ್ಮ ಕಾನೂನಿನಲ್ಲಿ ಇಲ್ಲದ್ದನ್ನು ಮನೆಯೇ ಮಾಡಿಕೊಳ್ಳಬೇಕು. ಚೌಕಾಶಿಯ ನಂತರ ಗೆಳೆಯರನ್ನು ಹತ್ತಿಸದ ಅವಧಿ ಒಂದು ವರ್ಷದಿಂದ ಆರು ತಿಂಗಳಿಗೆ ಇಳಿಯಿತು. ಕತ್ತಲಿನ ನಿಯಮ ಉಳಿಯಿತು. ತಂದೆ ತಾವೂ ಚಾಲನೆ ಮಾಡುವಾಗ ಮೊಬೈಲ್ ಮುಟ್ಟುವುದಿಲ್ಲ ಎಂದು ಕೆಳಗೆ ಸೇರಿಸಿ ಸಹಿ ಹಾಕಿದರು. ಅದು ಮಗನ ಷರತ್ತು.

ಹೊರಡುವಾಗ ತಾಯಿ ಬಾಗಿಲಲ್ಲಿ ನಿಂತು ಕಿರಿಯ ಮಗಳ ವಿಷಯ ತೆಗೆದರು. "ಹದಿನಾರು ತುಂಬಿದರೆ ಗೇರಿಲ್ಲದ ಸ್ಕೂಟರ್ ಓಡಿಸಬಹುದಂತಲ್ಲ ಮೇಡಂ? ಅವಳು ಈಗಲೇ ಹಟ ಹಿಡಿದಿದ್ದಾಳೆ." ಕಾನೂನಿನಲ್ಲಿ ಆ ಅವಕಾಶವಿರುವುದು 50 ಸಿಸಿ ಮೀರದ ಗೇರ್‌ರಹಿತ ವಾಹನಕ್ಕೆ ಮಾತ್ರ. ಅಂಗಡಿಯಲ್ಲಿ ಸಿಗುವ ಪೆಟ್ರೋಲ್ ಸ್ಕೂಟರ್‌ಗಳು ಸಾಮಾನ್ಯವಾಗಿ 110 ಅಥವಾ 125 ಸಿಸಿ ಎಂದೆ. "ಹಾಗಾದರೆ ಅವಳನ್ನೂ ಒಮ್ಮೆ ಕರೆತರುತ್ತೇನೆ, ನೀವೇ ಹೇಳಿ" ಎಂದರು.