ಓದುಗರ ಪ್ರಶ್ನೆ: ದಿನಚರಿಗೆ ಬಣ್ಣದ ಶಾಯಿ

ಪ್ರಶ್ನೆ: ಬಾಟಲಿಯಲ್ಲಿ ಬರುವ ಬಣ್ಣದ ಶಾಯಿಗಳನ್ನು ಫೌಂಟನ್ ಪೆನ್ನಿಗೆ ತುಂಬಿಕೊಂಡು ದಿನಚರಿ ಬರೆಯುವುದು ನನ್ನ ಅಭ್ಯಾಸ. ಈಚೆಗೆ ಲೋಟದ ನೀರು ಚೆಲ್ಲಿ ನೇರಳೆ ಅಕ್ಷರಗಳ ಎರಡು ಪುಟಗಳು ಕಲಸಿಹೋದವು. ಕಿಟಕಿಯ ಪಕ್ಕ ಅಂಟಿಸಿದ್ದ ಕೆಂಪು ಶಾಯಿಯ ಟಿಪ್ಪಣಿಯೂ ಮಾಸಿದೆ. ಚಿತ್ರಕಾರರು ಬಳಸುವ, ನೀರಿಗೆ ಅಳಿಯದ ಇಂಡಿಯನ್ ಇಂಕನ್ನು ಪೆನ್ನಿಗೆ ತುಂಬಬಹುದೇ? ಬಾಟಲಿಗಳ ತಳದಲ್ಲಿ ಉಳಿದ ಶಾಯಿಗಳನ್ನು ಬೆರೆಸಿ ಬಳಸಬಹುದೇ?

ಉತ್ತರ: ಇಂಡಿಯನ್ ಇಂಕನ್ನು ದಯವಿಟ್ಟು ತುಂಬಬೇಡಿ. ಅದರಲ್ಲಿರುವುದು ನುಣ್ಣನೆಯ ಮಸಿಯ ಕಣಗಳು ಮತ್ತು ಅವನ್ನು ಕಾಗದಕ್ಕೆ ಹಿಡಿಸುವ ಅರಗಿನಂಥ ಅಂಟು. ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳಿರುತ್ತವೆ; ಶಾಯಿ ಲೋಮನಾಳ ಕ್ರಿಯೆಯಿಂದ ಆ ಗೀರುಗಳಲ್ಲಿ ಇಳಿಯುತ್ತದೆ, ಅದು ಬಿಟ್ಟ ಜಾಗಕ್ಕೆ ಗಾಳಿ ಮೇಲೇರುತ್ತದೆ. ಅಮೆರಿಕದ ಪೆನ್ನು ತಯಾರಕ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಗೀರುಗಳುಳ್ಳ ನಾಲಿಗೆಗೇ. ಅಂಟು ಅಲ್ಲಿ ಒಮ್ಮೆ ಒಣಗಿತೆಂದರೆ ನೀರಿನಲ್ಲಿ ಎಷ್ಟು ನೆನೆಸಿದರೂ ಬಿಡುವುದಿಲ್ಲ, ಪೆನ್ನು ಕೈಬಿಟ್ಟಂತೆಯೇ.

ನಿಮ್ಮ ಪುಟಗಳು ಕಲಸಿಹೋದದ್ದಕ್ಕೆ ಶಾಯಿಯ ಕಳಪೆ ಗುಣಮಟ್ಟ ಕಾರಣವಲ್ಲ. ಪೆನ್ನಿನ ಬಣ್ಣದ ಶಾಯಿಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕರಗಿಸಿದ ಬಣ್ಣಗಳೇ (ಡೈ) ಆಗಿವೆ. ನೀರಿನಲ್ಲಿ ಕರಗಿದ್ದು ಕಾಗದದ ಮೇಲೆ ಒಣಗಿದರೂ ಮತ್ತೆ ನೀರು ಸೋಕಿದಾಗ ಕರಗುವುದು ಸಹಜ, ಮತ್ತು ಪೆನ್ನನ್ನು ಸುಲಭವಾಗಿ ತೊಳೆಯಲು ಸಾಧ್ಯವಾಗುವುದೂ ಈ ಗುಣದಿಂದಲೇ. ಬೆಳಕಿನ ಸಂಗತಿ ಬೇರೆ. ಕೆಂಪು ಶಾಯಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಇಯೋಸಿನ್ ಎಂಬ ಬಣ್ಣ ಬಿಸಿಲಿಗೆ ಬಹಳ ಬೇಗ ಮಾಸುತ್ತದೆ.

ಉಳಿಯಬೇಕಾದ ಬರಹಕ್ಕೆ ಎರಡು ದಾರಿಗಳಿವೆ. ಒಂದು, ಫೌಂಟನ್ ಪೆನ್ನಿಗೆಂದೇ, ನೀರಿನಲ್ಲಿ ಕರಗದ ಅತಿ ಸೂಕ್ಷ್ಮ ಬಣ್ಣದ ಕಣಗಳಿಂದ ತಯಾರಿಸಿದ ಪಿಗ್ಮೆಂಟ್ ಶಾಯಿ. ಇನ್ನೊಂದು, ನನಗೆ ಹೆಚ್ಚು ಮೆಚ್ಚಿನದು, ಮಾಚಿಕಾಯಿಯ ಒಗರು ಮತ್ತು ಅನ್ನಭೇದಿ ಎಂಬ ಕಬ್ಬಿಣದ ಲವಣದ ಹಳೆಯ ಪಾಕದಿಂದ ಬಂದ ಕಬ್ಬಿಣದ ಶಾಯಿ. ಬರೆಯುವಾಗ ತಿಳಿಯಾಗಿರುವ ಇದರ ಗೆರೆ, ಗಾಳಿಯ ಆಮ್ಲಜನಕ ತಾಗುತ್ತ ಹೋದಂತೆ ಕಪ್ಪಾಗುತ್ತದೆ. ಬೆಳಿಗ್ಗೆ ಬರೆದ ಸಾಲನ್ನು ಮರುದಿನ ತೆರೆದು ನೋಡಿದರೆ ಬೇರೆ ಬಾಟಲಿಯಿಂದ ಬರೆದಂತೆ ಕಾಣುತ್ತದೆ. ಆ ಕಪ್ಪು ನೀರಿಗೆ ಕರಗುವುದಿಲ್ಲ. ಆದರೆ ಈ ಶಾಯಿ ಆಮ್ಲೀಯವಾದ್ದರಿಂದ ಪೆನ್ನಿನಲ್ಲಿ ಒಣಗಲು ಬಿಡದೆ ಆಗಾಗ್ಗೆ ತೊಳೆಯಬೇಕು. ಬ್ಲೂ-ಬ್ಲ್ಯಾಕ್ ಎಂದು ಬರೆದಿರುವುದೆಲ್ಲ ಕಬ್ಬಿಣದ ಶಾಯಿಯಲ್ಲ ಎಂಬುದೂ ನೆನಪಿರಲಿ. ನೇರಳೆ, ಕೆಂಪುಗಳನ್ನು ತಾರೀಖಿಗೂ ಶೀರ್ಷಿಕೆಗೂ ಇಟ್ಟುಕೊಳ್ಳಿ.

ಬಾಟಲಿಯ ಮೇಲಿನ ಮಾತನ್ನು ನಂಬುವುದಕ್ಕಿಂತ ನೀವೇ ಪರೀಕ್ಷಿಸುವುದು ಲೇಸು. ಒಂದು ಚೀಟಿಯ ತುಂಬ ಗೆರೆಗಳನ್ನೆಳೆದು, ಒಂದು ದಿನ ಒಣಗಿಸಿ, ಅದನ್ನು ಮೂರು ತುಂಡು ಮಾಡಿ: ಒಂದನ್ನು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಇನ್ನೊಂದನ್ನು ಪುಸ್ತಕದೊಳಗೆ ಮುಚ್ಚಿಡಿ, ಮೂರನೆಯದರ ಮೇಲೆ ಒಂದು ಹನಿ ನೀರು ಬಿಟ್ಟು ಐದು ನಿಮಿಷದ ನಂತರ ಬ್ಲಾಟಿಂಗ್ ಕಾಗದದಿಂದ ಒತ್ತಿ. (ಅದೇ ಬ್ಲಾಟಿಂಗ್ ಕಾಗದಕ್ಕೆ ಕಪ್ಪು ಶಾಯಿಯ ಚುಕ್ಕೆಯಿಟ್ಟು ನೀರು ತಾಗಿಸಿದರೆ, ಎಷ್ಟೋ ವೇಳೆ ನೀಲಿ, ನೇರಳೆ, ಹಳದಿಗಳು ಬೇರೆಬೇರೆ ಉಂಗುರಗಳಾಗಿ ಬಿಚ್ಚಿಕೊಳ್ಳುತ್ತವೆ, ನೋಡಲು ಸೊಗಸು.)

ಬೆರಕೆಯ ವಿಷಯದಲ್ಲಿ ಅವಸರ ಬೇಡ. ಒಂದು ಶಾಯಿ ಆಮ್ಲೀಯ, ಇನ್ನೊಂದು ಕ್ಷಾರೀಯ ಆಗಿದ್ದರೆ ಬಣ್ಣ ಗರಣೆಗಟ್ಟಿ ತಳಕ್ಕೆ ಕೂರಬಹುದು. ಕೆಲವೇ ಹನಿಗಳನ್ನು ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಬೆರೆಸಿ, ಒಂದು ವಾರ ಬಿಟ್ಟು, ಓರೆ ಮಾಡಿ ನೋಡಿ. ತಳದಲ್ಲಿ ಗಷ್ಟಾಗಲಿ ಮೇಲೆ ಕೆನೆಯಾಗಲಿ ಕಂಡರೆ ಚೆಲ್ಲಿಬಿಡಿ. ಕಬ್ಬಿಣದ ಶಾಯಿಯನ್ನೂ ಪಿಗ್ಮೆಂಟ್ ಶಾಯಿಯನ್ನೂ ಯಾವುದರೊಂದಿಗೂ ಬೆರೆಸಬೇಡಿ. ತಳದ ಶಾಯಿಯಲ್ಲಿ ಬೂಷ್ಟಿನ ಎಳೆ ಕಂಡರೆ, ಸೋಸಿ ಉಳಿಸಿಕೊಳ್ಳುವ ಆಸೆ ಬಿಟ್ಟು ಬಾಟಲಿಯನ್ನೇ ಎಸೆಯಿರಿ. ಬಟ್ಟೆಯಲ್ಲಿ ನಿಲ್ಲದ ಬೂಷ್ಟಿನ ಕಣಗಳು ಪೆನ್ನಿನೊಳಗೆ ಮತ್ತೆ ಬೆಳೆಯುತ್ತವೆ.