ವಿಕ್ಟರ್‌ನ ಕಿವಿಗೆ ಬೀಳದ ಎಚ್ಚರಿಕೆ

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದೇನೆ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ನಮಗೆ ಪಠ್ಯ. ಅದರಲ್ಲಿ ವ್ಯಂಗ್ಯ (ಐರನಿ) ಎಲ್ಲಿದೆ, ಮುನ್ಸೂಚನೆ ಎಲ್ಲಿದೆ ಅಂತ ಬೇರೆ ಬೇರೆ ಬರೆಯಬೇಕಂತೆ. ನನಗೆ ಎರಡೂ ಒಂದೇ ಕಡೆ ಕಾಣುತ್ತವೆ. ಏನು ಮಾಡಲಿ?
– ಓದುಗ, ತೀರ್ಥಹಳ್ಳಿ

ಉತ್ತರ: ನಿಮಗೆ ಕಂಡಿದ್ದು ಸರಿಯಾಗಿಯೇ ಇದೆ, ಬಿಡಬೇಡಿ. 1818ರ ಈ ಕಾದಂಬರಿಯಲ್ಲಿ ಮುನ್ಸೂಚನೆ ನಮಗೆ ತಿಳಿಯುತ್ತದೆ, ಕಥಾನಾಯಕ ವಿಕ್ಟರ್ ಫ್ರಾಂಕೆನ್‌ಸ್ಟೈನ್‌ಗೆ ತಿಳಿಯುವುದಿಲ್ಲ. ವ್ಯಂಗ್ಯ ಹುಟ್ಟುವುದೇ ಅಲ್ಲಿ.

ಮದುವೆ ರಾತ್ರಿಯ ಪ್ರಸಂಗ ನೋಡಿ. ಸ್ಕಾಟ್‌ಲೆಂಡಿನ ಆರ್ಕ್ನಿಯ ಒಂದು ದ್ವೀಪದಲ್ಲಿ ವಿಕ್ಟರ್ ತಾನು ಸೃಷ್ಟಿಸಿದ ಜೀವಿಗೆ ಒಬ್ಬ ಜೊತೆಗಾತಿಯನ್ನು ಮಾಡುತ್ತಿರುತ್ತಾನೆ, ಅರ್ಧದಲ್ಲಿ ಹೆದರಿ, ಕಿಟಕಿಯಾಚೆ ಅದು ನೋಡುತ್ತಿರುವಾಗಲೇ, ಆ ದೇಹವನ್ನು ಹರಿದು ಹಾಕುತ್ತಾನೆ. ನಿನ್ನ ಮದುವೆಯ ರಾತ್ರಿ ನಾನು ನಿನ್ನ ಜೊತೆ ಇರುತ್ತೇನೆ ಅಂತ ಅದು ಹೇಳಿ ಹೋಗುತ್ತದೆ. ಆ ಜೀವಿಯ ಜೊತೆಗಾತಿಯನ್ನು ವಿಕ್ಟರ್ ಕೊಂದ, ಇನ್ನು ಇವನ ಹೆಂಡತಿಯ ಸರದಿ ಅಂತ ನಮಗೆ ಹೊಳೆಯುತ್ತದೆ ಅಲ್ವಾ? ವಿಕ್ಟರ್‌ಗೆ ಹೊಳೆಯುವುದಿಲ್ಲ. ಸಾಯುವವನು ತಾನೇ ಅಂದುಕೊಂಡು ಪಿಸ್ತೂಲು ಇಟ್ಟುಕೊಳ್ಳುತ್ತಾನೆ, ಹೆಂಡತಿ ಎಲಿಜಬೆತ್‌ಳನ್ನು ಒಬ್ಬಳೇ ಕೋಣೆಗೆ ಕಳಿಸಿ ತಾನು ಹೊರಗೆ ಓಡಾಡುತ್ತಾ ಆ ಜೀವಿಯನ್ನು ಹುಡುಕುತ್ತಾನೆ. ಕಾಳಗ ಅವಳ ಕಣ್ಣಿಗೆ ಬೀಳದಿರಲಿ ಅಂತ ಮಾಡಿದ್ದೇ ಅವಳ ಸಾವಿಗೆ ದಾರಿ. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಆ ಪುಟ ಬಂದಾಗ ನನಗೆ ಸಂಕಟವಾಗುತ್ತದೆ. ಅವನಿಗೆ ಎಂದೂ ತನ್ನದೇ ಚಿಂತೆ, ಅದಕ್ಕೇ ಆ ಮಾತು ಅವನಿಗೆ ತಪ್ಪಾಗಿ ಕೇಳಿಸಿತು.

ಇನ್ನೊಂದು, ಸಿಡಿಲಿನ ಮರ. ಮುಂಗಾರಿಗೆ ಮುಂಚೆ ಸಿಡಿಲು ಹೊಡೆದ ಮರ ನಿಮ್ಮೂರ ಕಡೆ ನೀವೂ ನೋಡಿರುತ್ತೀರಿ. ಸುಮಾರು ಹದಿನೈದರ ವಯಸ್ಸಿನಲ್ಲಿ ವಿಕ್ಟರ್ ಮನೆಯೆದುರಿನ ಓಕ್ ಮರ ಹಾಗೆ ಸೀಳಿ ಮೋಟು ಮಾತ್ರ ಉಳಿದದ್ದನ್ನು ನೋಡುತ್ತಾನೆ. ಎಷ್ಟೋ ಪುಟಗಳಾದ ಮೇಲೆ ತನ್ನನ್ನೇ ಸಿಡಿಲು ಬಡಿದ ಮರ ಅಂತ ಕರೆದುಕೊಳ್ಳುತ್ತಾನೆ. ಇಲ್ಲಿ ವ್ಯಂಗ್ಯ ಕಡಿಮೆ, ಮುನ್ಸೂಚನೆ ಜಾಸ್ತಿ. ಬೇರೆ ಮಾಡಿ ತೋರಿಸಲೇಬೇಕು ಅಂದರೆ ಇದನ್ನು ಬಳಸಿ.

ಕೊನೆಯ ಅಧ್ಯಾಯವನ್ನು ಸುಮ್ನೆ ಪುಟ ತಿರುವಿ ಮುಗಿಸಬೇಡಿ. ನನ್ನ ಹಾಗೆ ಹಾಳಾಗಬೇಡ ಅಂತ, ಉತ್ತರ ಧ್ರುವದ ಕಡೆ ಹೊರಟ ಹಡಗಿನ ಮುಖ್ಯಸ್ಥ ವಾಲ್ಟನ್‌ಗೆ ಇಡೀ ಕಥೆ ಹೇಳಿದ ವಿಕ್ಟರ್, ಹಿಮದಲ್ಲಿ ಸಿಕ್ಕಿದ ನಾವಿಕರು ವಾಪಸ್ ಹೋಗೋಣ ಅಂದಾಗ, ಹೇಡಿಗಳಾಗಬೇಡಿ, ಮುಂದೆ ಹೋಗಿ ಅಂತ ಅವರನ್ನೇ ಹುರಿದುಂಬಿಸುತ್ತಾನೆ. ವಾಲ್ಟನ್ ಕೊನೆಗೆ ನಾವಿಕರ ಮಾತು ಕೇಳಿ ಹಡಗು ತಿರುಗಿಸುತ್ತಾನೆ. ನನ್ನ ಪ್ರಕಾರ ಇಡೀ ಪುಸ್ತಕದ ಅತಿ ದೊಡ್ಡ ವ್ಯಂಗ್ಯ ಇದೇ, ಪರೀಕ್ಷೆಯಲ್ಲಿ ಇದಕ್ಕೆ ಒಂದು ಪುಟ ಪೂರ್ತಿ ಕೊಡಿ.