ಮೂಡಿಗೆರೆಯ ಮಳೆಯಲ್ಲಿ ಅಂಜೂರ ಹಣ್ಣಾಗುತ್ತಾ?

ಕಡೂರಿನ ಅಕ್ಕನ ಮನೆಯಿಂದ ತಂದ ಅಂಜೂರದ ಕಡ್ಡಿ ಆಳೆತ್ತರ ಬೆಳೆದಿದೆ, ಆದರೆ ಪ್ರತಿ ಜುಲೈನಲ್ಲಿ ಎಲೆ ಉದುರಿ ಕಾಯಿ ಕೊಳೆತು ಬೀಳುತ್ತದೆ, ಮೂಡಿಗೆರೆ ಹವೆಗೆ ಇದು ಆಗಿಬರಲ್ವಾ, ಕಡಿದು ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಕಡಿಯಬೇಡಿ. ನೀವು ಹೇಳಿದ್ದನ್ನು ನೋಡಿದರೆ ಗಿಡ ಗಟ್ಟಿಯಾಗಿಯೇ ಇದೆ. ಕಾಯಿ ಬರುವ ಕಾಲ ಮಾತ್ರ ತಪ್ಪಾಗಿದೆ. ಆ ಕಾಲವನ್ನು ನೀವೇ ಬದಲಾಯಿಸಬಹುದು.

ನಾನು ಇರುವುದು ಬೇಲೂರಿನ ಹತ್ತಿರ. ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಹೆಂಡತಿಯ ತವರು ಅರಸೀಕೆರೆ ಕಡೆ. ಎರಡೂ ಮನೆಯಲ್ಲಿ ಒಂದೇ ತಾಯಿ ಗಿಡದ ಕಡ್ಡಿಯಿಂದ ಮಾಡಿದ ಅಂಜೂರ ಇದೆ. ಅಲ್ಲಿ ಅದಕ್ಕೆ ನೀರು ಕೊಟ್ಟರೆ ಸಾಕು. ಇಲ್ಲಿ ಮಳೆಗಾಲವನ್ನು ಲೆಕ್ಕ ಹಾಕಿ ಬೆಳೆಸಬೇಕು. ನಿಮ್ಮಲ್ಲಿ ಮಳೆ ಇನ್ನೂ ಜಾಸ್ತಿ, ಅಲ್ವಾ? ಹಾಗಾಗಿ ಈ ಲೆಕ್ಕ ನಿಮಗೆ ಇನ್ನೂ ಮುಖ್ಯ.

ಅಂಜೂರ ಪಶ್ಚಿಮ ಏಷ್ಯಾದ ಒಣ ಸೀಮೆಯ ಗಿಡ. ಅಲ್ಲಿ ಮಳೆ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆ ಒಣಗಿರುತ್ತದೆ, ಹಣ್ಣು ಆ ಬಿಸಿಲಲ್ಲಿ ಪಕ್ವವಾಗುತ್ತದೆ. ನಮ್ಮ ರಾಜ್ಯದಲ್ಲೂ ಅಂಜೂರಕ್ಕೆ ಹೆಸರಾದ ಊರುಗಳು ಶ್ರೀರಂಗಪಟ್ಟಣದ ಗಂಜಾಂ ಮತ್ತು ಬಳ್ಳಾರಿ, ಎರಡೂ ಮಳೆ ಕಡಿಮೆ ಇರುವ ಜಾಗ. ಚಳಿಗೆ ಮಾತ್ರ ಇದು ಹೆದರುವ ಗಿಡ ಅಲ್ಲ. ಎಲೆ ಉದುರಿಸಿ ಮಲಗಿದ ಗಿಡ ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ಕುಂಡದ ಅಂಜೂರವನ್ನು ಚಳಿಗಾಲ ಕಳೆಯುವವರೆಗೆ ಕತ್ತಲೆಯ ಶೆಡ್ಡಿನಲ್ಲಿ ಇಟ್ಟು, ಆಮೇಲೆ ಹೊರಗೆ ತರುತ್ತಾರೆ. ಬಾಬಾಬುಡನ್‌ಗಿರಿಯ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ತೊಂದರೆ ಕೊಡುವುದು ತೇವ.

ಉದುರಿದ ಎಲೆಯನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಳದಿ ಮಿಶ್ರಿತ ಕಂದು ಪುಡಿ ಇದ್ದರೆ ಅದು ತುಕ್ಕು ರೋಗ. ಶಿಲೀಂಧ್ರದಿಂದ ಬರುತ್ತದೆ, ಎಲೆ ಒದ್ದೆ ಇದ್ದಷ್ಟೂ ಹರಡುತ್ತದೆ. ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವೇ ಇದಕ್ಕೂ ಮದ್ದು, ಶೇಕಡಾ 1ರದ್ದು. ಮನೆಯ ಒಂದೆರಡು ಗಿಡಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 10 ಲೀಟರ್ ನೀರು ಸಾಕು. ಎರಡನ್ನೂ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಮಳೆ ಹಿಡಿಯುವ ಮುಂಚೆ ಒಮ್ಮೆ, ಮಳೆಯ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಎಲೆಯ ಹಿಂಬದಿಗೂ ತಾಗುವಂತೆ ಹೊಡೆಯಿರಿ. ಹಣ್ಣಾಗುತ್ತಿರುವಾಗ ಬೇಡ. ಬಿದ್ದ ಎಲೆಯನ್ನು ಬುಡದಲ್ಲಿ ಬಿಡದೆ ಗುಡಿಸಿ ಸುಟ್ಟುಬಿಡಿ.

ಆದರೆ ಔಷಧಿಯೊಂದನ್ನೇ ನಂಬಿ ಜುಲೈನಲ್ಲಿ ಹಣ್ಣು ತಿನ್ನುವ ಆಸೆ ಬಿಡಿ. ತಿಂದರೂ ಸಪ್ಪೆ. ಪುಣೆ ಜಿಲ್ಲೆಯ ಪುರಂದರದ ಅಂಜೂರ ಪ್ರಸಿದ್ಧ, ಭೌಗೋಳಿಕ ಗುರುತೂ ಸಿಕ್ಕಿದೆ. ಅಲ್ಲಿನ ರೈತರು ಬೇಸಿಗೆಯ ಬೆಳೆಯನ್ನು ಮೀಠಾ ಬಹಾರ್, ಮಳೆಗಾಲದ್ದನ್ನು ಖಟ್ಟಾ ಬಹಾರ್ ಅನ್ನುತ್ತಾರೆ. ಒಂದು ಸಿಹಿ, ಒಂದು ಹುಳಿ. ನಿಮಗೆ ಬೇಕಾಗಿರುವುದು ಮೊದಲನೆಯದು.

ನಮ್ಮ ಕಡೆಯ ಅಂಜೂರ ಕಾಯಿ ಬಿಡುವುದು ಹೊಸ ಚಿಗುರಿನಲ್ಲಿ. ನೀವು ಯಾವಾಗ ಸವರುತ್ತೀರೋ ಅದರ ಮೇಲೆ ಫಸಲು ನಿಂತಿದೆ. ಮಳೆ ಇಳಿಮುಖವಾದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಕೊಂಬೆಗಳನ್ನು ಸುಮಾರು ಅರ್ಧಕ್ಕೆ ಸವರಿ. ಹೊರಮುಖದ ಮೊಗ್ಗಿನ ಮೇಲೆ ಕತ್ತರಿಸಿ. ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ. ಯೂರಿಯಾ ಸುರಿಯಬೇಡಿ, ಬರೀ ಎಲೆ ಬರುತ್ತದೆ. ಚಿಗುರಿನ ಜೊತೆ ಎಲೆ ಬುಡದಲ್ಲಿ ಕಾಯಿ ಕಾಣಿಸುತ್ತದೆ. ಕಾಯಿ ಹಣ್ಣಾಗಲು ನಾಲ್ಕು ತಿಂಗಳಿಗೂ ಜಾಸ್ತಿ ಬೇಕು. ಅಂದರೆ ನಿಮ್ಮ ಹಣ್ಣು ಸಿಗುವುದು ಬೇಸಿಗೆಯಲ್ಲಿ, ಕಾಫಿಯ ಹೂಮಳೆ ಆಸುಪಾಸಿನಲ್ಲಿ. ಆ ಒಂದೆರಡು ಮಳೆಗೆ ಹೆದರಬೇಕಿಲ್ಲ. ಜೂನ್‌ನಲ್ಲಿ ಬರುವ ಕಾಯಿಯನ್ನು ಮಾತ್ರ ಸಣ್ಣದಿರುವಾಗಲೇ ಕಿತ್ತು ಹಾಕಿ. ಗಿಡಕ್ಕೆ ಅದು ವಿಶ್ರಾಂತಿಯ ಕಾಲ.

ಬಿಸಿಲಿನ ಬಗ್ಗೆ ಹೇಳಲೇಬೇಕು, ಮಲೆನಾಡಿನಲ್ಲಿ ಅಂಜೂರ ಸೊರಗುವುದು ನೆರಳಿನಿಂದಲೂ ಹೌದು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಹತ್ತಿರದಲ್ಲಿ ಸಿಲ್ವರ್ ಓಕ್ ಇದ್ದರೆ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಆ ಕಡೆಯ ಕೊಂಬೆಯನ್ನೂ ತೆಗೆಸಿ. ನಿಮ್ಮ ಮಣ್ಣು ಹುಳಿ ಇರುತ್ತದೆ, ತೋಟಕ್ಕೆ ಹಾಕುವಂತೆ ಇದಕ್ಕೂ ಸ್ವಲ್ಪ ಸುಣ್ಣ ಬೇಕು. ಬುಡದಲ್ಲಿ ನೀರು ನಿಲ್ಲದಂತೆ ದಿಬ್ಬ ಮಾಡಿ. ಇಷ್ಟೆಲ್ಲಾ ಮಾಡಿಯೂ ಮಳೆ ಗೆದ್ದರೆ, ಇನ್ನೊಂದು ಕಡ್ಡಿಯನ್ನು ಅರ್ಧ ಡ್ರಮ್ಮಿನಲ್ಲಿ ಬೆಳೆಸಿ ಪಾರದರ್ಶಕ ಶೀಟಿನ ಕೆಳಗಿಡಿ. ಅದಕ್ಕೆ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿ ಆರಿಸಿ. ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ಮಾರುವ ಒಣ ಅಂಜೂರದ ಬೀಜ ಹಾಕಬೇಡಿ. ಅದರಲ್ಲಿ ಗಂಡು ಗಿಡವೂ ಬರುತ್ತದೆ. ಹೆಣ್ಣು ಬಂದರೂ ಎಷ್ಟೋ ಗಿಡಕ್ಕೆ ಒಂದು ಸಣ್ಣ ಕಣಜ ಬಂದು ಪರಾಗ ಕೊಡದಿದ್ದರೆ ಕಾಯಿ ನಿಲ್ಲುವುದಿಲ್ಲ. ಅಕ್ಕನ ಮನೆಯ ಗಿಡಕ್ಕೆ ಆ ಹಂಗಿಲ್ಲ, ಅಲ್ಲಿ ಹಣ್ಣು ಬಿಡುತ್ತಿರುವುದೇ ಸಾಕ್ಷಿ. ಅತ್ತಿ ಹಣ್ಣಿನ ಹಾಗೆ ಒಳಗೆ ಹುಳ ಇರುತ್ತಾ ಅಂತ ಮನೆಯವರು ಕೇಳಿದರೆ ಧೈರ್ಯ ಹೇಳಿ.

ಅಕ್ಕನಿಗೆ ಒಂದು ಮಾತು. ಕಡೂರಿನ ಬಿಸಿಲಲ್ಲಿ ಗಿಡ ಒಣಗಲು ಬಿಟ್ಟು ಒಮ್ಮೆಲೇ ನೀರು ಹರಿಸಿದರೆ ಹಣ್ಣು ಬಿರಿಯುತ್ತದೆ. ಸ್ವಲ್ಪ ಸ್ವಲ್ಪವೇ, ತಪ್ಪದೆ ಕೊಡಲಿ.

ಹಣ್ಣು ಕೀಳುವಾಗ ಅವಸರ ಮಾಡಬೇಡಿ. ಅಂಜೂರ ಬಾಳೆಯಂತೆ ಮನೆಯಲ್ಲಿಟ್ಟರೆ ಹಣ್ಣಾಗುವುದಿಲ್ಲ. ತೊಟ್ಟಿನ ಹತ್ತಿರ ಮೆತ್ತಗಾಗಿ ಹಣ್ಣು ಕೆಳಗೆ ಬಾಗಬೇಕು. ಅಷ್ಟು ದಿನ ಪಿಕಳಾರ, ಬಾವಲಿಗಳಿಂದ ಕಾಪಾಡಲು ಬಲೆಯ ಚೀಲ ಕಟ್ಟಿ. ಮಂಗಗಳಿಗೆ ಅದು ಸಾಲದು, ಮನೆಗೆ ಹತ್ತಿರದ ಗಿಡವೇ ವಾಸಿ. ಸವರುವಾಗಲೂ ಕೀಳುವಾಗಲೂ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಬಿಳಿ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಸುಟ್ಟಂತೆ ಆಗುತ್ತದೆ, ತಕ್ಷಣ ಸೋಪು ಹಾಕಿ ತೊಳೆಯಿರಿ. ಮಕ್ಕಳನ್ನು ಆ ಹೊತ್ತಿಗೆ ದೂರ ಇಡಿ.

ಎಲೆಯ ಹಿಂಬದಿಯ ಫೋಟೋ ಹಾಕಿದರೆ ತುಕ್ಕು ರೋಗ ಹೌದೋ ಅಲ್ಲವೋ ನೋಡಿ ಹೇಳುತ್ತೇನೆ.